ಕ್ಸೈಲೋಸ್ ಕೂರುವ ಜಾಗ: ಮೂರನೇ ಪ್ರಿಂಟ್

ಅಂತೂ ಈ ಸಲ ಮುರಿಯಲಿಲ್ಲ. 3ಡಿ ಪ್ರಿಂಟರ್‌ನಲ್ಲಿ ಮಾಡಿದ ಅಂಗೈಯಗಲದ ಎಂಜೈಮ್ ಮಾದರಿ ಮೇಜಿನ ಮೇಲೆ ಕೂತಿದೆ. ಅಳತೆ 1 ಆಂಗ್‌ಸ್ಟ್ರಾಮ್‌ಗೆ (ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) 2 ಮಿಲಿಮೀಟರ್.

ಹೊಸದಾಗಿ ಓದುವವರಿಗೆ ಎರಡು ಮಾತು. ಪ್ರೋಟಿಯೋಗ್ಲೈಕಾನ್ ಅಂದರೆ ಉದ್ದುದ್ದ ಸಕ್ಕರೆ ಸರಪಳಿ ಹೊತ್ತ ಪ್ರೋಟೀನ್. ಆ ಸರಪಳಿ ಪ್ರೋಟೀನ್‌ಗೆ ನೇರವಾಗಿ ಅಂಟುವುದಿಲ್ಲ. ಮೊದಲು ಪ್ರೋಟೀನ್‌ನ ಸೆರೀನ್ ಎಂಬ ಅಮೈನೋ ಆಮ್ಲದ ಮೇಲೆ ಕ್ಸೈಲೋಸ್ ಎಂಬ ಒಂದು ಸಕ್ಕರೆ, ಆಮೇಲೆ ಎರಡು ಗ್ಯಾಲಕ್ಟೋಸ್, ಕೊನೆಗೆ ಒಂದು ಗ್ಲುಕುರೋನಿಕ್ ಆಮ್ಲ. ಈ ನಾಲ್ಕು ಕೂತ ಮೇಲೇ ಉಳಿದದ್ದು. ಒಂದೊಂದು ಕೊಂಡಿಗೂ ಬೇರೆ ಬೇರೆ ಎಂಜೈಮ್. ನಾನು ಹಿಡಿದಿರುವುದು ಮೊದಲ ಗ್ಯಾಲಕ್ಟೋಸ್ ಹಾಕುವ ಬೀಟಾ-4-ಗ್ಯಾಲ್‌ಟಿ-7. ಇದು ಏಳು ಸದಸ್ಯರ ಕುಟುಂಬದಲ್ಲಿ ಏಳನೆಯದು. ಹೆಸರು ಬಾಯಿಗೆ ಬರಲ್ಲ, ಹಾಗಾಗಿ ನನಗೆ ಇದು ಸುಮ್ನೆ 'ಏಳು'.

ಮೊದಲ ಎರಡು ಪ್ರಿಂಟ್ ಒಂದೇ ಕಡೆ ಮುರಿದವು. ಪ್ರಿಂಟ್ ಆಗುವಾಗ ಆಸರೆಗೆ ಇರುವ ಸಪೋರ್ಟ್ ಕೀಳುವಾಗ ಪಟ್ ಅಂತ ಕೈಗೆ ಬಂದದ್ದು ಬಾಯಿಯ (ಸಕ್ಕರೆ ಕೂರುವ ಗುಳಿಯ) ಪಕ್ಕದ ಉದ್ದನೆಯ ಲೂಪ್. ಪ್ಲಾಸ್ಟಿಕ್ ಸರಿಯಿಲ್ಲ ಅಂದುಕೊಂಡಿದ್ದೆ. ತಪ್ಪು ನನ್ನದೇ. ಅಲ್ಲಾಡಬೇಕಾದ ಭಾಗವನ್ನು ಗಟ್ಟಿಯಾಗಿ ಪ್ರಿಂಟ್ ಮಾಡಿದರೆ ಇನ್ನೇನಾಗುತ್ತೆ? ನಿಜವಾದ ಎಂಜೈಮ್‌ನಲ್ಲಿ ಮ್ಯಾಂಗನೀಸೂ, ಗ್ಯಾಲಕ್ಟೋಸನ್ನು ಹೊತ್ತು ತರುವ ಯುಡಿಪಿ-ಗ್ಯಾಲಕ್ಟೋಸೂ ಬಂದು ಕೂತ ಮೇಲೆ ಈ ಲೂಪ್ ಅವುಗಳ ಮೇಲೆ ಮಡಚಿಕೊಳ್ಳುತ್ತದೆ. ಕ್ಸೈಲೋಸ್‌ಗೆ ಜಾಗ ಸಿದ್ಧವಾಗುವುದೇ ಆಗ. ಅದಕ್ಕೇ ಈ ಸಲ ಲೂಪನ್ನು ಮಾತ್ರ ಟಿಪಿಯು ಎಂಬ ಬಗ್ಗುವ ಪ್ಲಾಸ್ಟಿಕ್‌ನಲ್ಲಿ ಬೇರೆ ಮಾಡಿ ಅಂಟಿಸಿದೆ. ಮ್ಯಾಂಗನೀಸ್ ಬದಲು ಒಂದು ಬೇರಿಂಗ್ ಗುಂಡು.

ಒಂದು ಇಡೀ ಸಂಜೆ ಹಾಳಾದ ಕಥೆಯನ್ನೂ ಹೇಳಿಬಿಡುತ್ತೇನೆ. ಮನುಷ್ಯರ 'ಏಳು'ವಿನಲ್ಲಿ 270ನೇ ಅಮೈನೋ ಆಮ್ಲವಾದ ಅರ್ಜಿನಿನ್ ಜಾಗಕ್ಕೆ ಸಿಸ್ಟೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಬಂದರೆ ಎಂಜೈಮ್ ಪೂರ್ತಿ ನಿಲ್ಲುವುದಿಲ್ಲ, ಆದರೆ ಕ್ಸೈಲೋಸ್ ಮೇಲಿನ ಹಿಡಿತ ಸಡಿಲವಾಗುತ್ತದೆ. ಎಲರ್ಸ್-ಡಾನ್ಲೋಸ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆಯ ಒಂದು ಅಪರೂಪದ ಬಗೆಗೆ ಇಂಥ ಬದಲಾವಣೆಗಳೇ ಕಾರಣ. ಆ 270ಕ್ಕೆ ಕೆಂಪು ಬಣ್ಣ ಹಾಕಿದೆ. ಬಾಯಿಯ ಹತ್ತಿರ ಎಲ್ಲೂ ಕೆಂಪು ಇಲ್ಲ! ತಲೆಕೆಡಿಸಿಕೊಂಡು ಕೂತಿದ್ದೆ. ಆಮೇಲೆ ಹೊಳೆಯಿತು, ನಾನು ತೆರೆದಿದ್ದು ಹಣ್ಣುನೊಣದ ಎಂಜೈಮ್‌ನ ಫೈಲ್. 2010ರಲ್ಲಿ 1.81 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಸಿಕ್ಕಿದ ರಚನೆ ಅದು. ಮನುಷ್ಯರದ್ದಕ್ಕೆ ಶೇ. 73ರಷ್ಟು ಹೋಲಿಕೆ ಇದ್ದರೂ ಎಣಿಕೆ ಬೇರೆ. ಎರಡರ ಅಮೈನೋ ಆಮ್ಲಗಳ ಸಾಲುಗಳನ್ನು ಪಕ್ಕಪಕ್ಕ ಜೋಡಿಸಿ ನೋಡಿದಾಗ ಆ ಅರ್ಜಿನಿನ್ ಸಿಕ್ಕಿತು. ಎಲ್ಲಿ? ಎರಡು ಸಲ ಮುರಿದ ಅದೇ ಲೂಪ್ ಮೇಲೆ.

ಇನ್ನು ನನಗೆ ತುಂಬ ಇಷ್ಟವಾದ ಆಟ. ಸಕ್ಕರೆಗಳ ಪುಟ್ಟ ತುಂಡುಗಳನ್ನೂ ಪ್ರಿಂಟ್ ಮಾಡಿದ್ದೆ. ಲೂಪ್ ತೆರೆದಿಟ್ಟರೆ ಕ್ಸೈಲೋಸ್ ತುಂಡು ನಿಲ್ಲುವುದೇ ಇಲ್ಲ, ಜಾರಿ ಮೇಜಿಗೆ ಬೀಳುತ್ತದೆ. ಮುಚ್ಚಿ ಹಿಡಿದರೆ ಟಕ್ ಅಂತ ಕೂರುತ್ತದೆ. ಅದೇ ಜಾಗಕ್ಕೆ ಗ್ಲೂಕೋಸಮೈನ್ ಎಂಬ ಇನ್ನೊಂದು ಸಕ್ಕರೆಯ ತುಂಡು ತುರುಕಿ ನೋಡಿದೆ, ಅಂದರೆ ಅಸಿಟೈಲ್ ಗುಂಪು ಇರುವ ಬಗೆ. ಇದೇ ಕುಟುಂಬದ ಮೊದಲ ಎಂಜೈಮ್ ಗ್ಯಾಲಕ್ಟೋಸ್ ಅಂಟಿಸುವುದು ಅದಕ್ಕೇ. ಇಲ್ಲಿ ಹೋಗಲೇ ಇಲ್ಲ. ಅದರ ಐದನೇ ಇಂಗಾಲಕ್ಕೆ ಬಾಲದ ಹಾಗೆ ಅಂಟಿದ ಗುಂಪು (ಅಸಿಟೈಲ್ ಅಲ್ಲ, ಬೇರೆಯದು) ಎಂಜೈಮ್‌ನ 177ನೇ ಅಮೈನೋ ಆಮ್ಲವಾದ ಟೈರೋಸಿನ್‌ನ ಉಂಗುರಕ್ಕೆ ಬಡಿಯಿತು (ಇದು ನೊಣದ ಎಣಿಕೆ, ಪಾಠ ಕಲಿತಿದ್ದೇನೆ). ಕ್ಸೈಲೋಸ್‌ಗೆ ಆ ಬಾಲವೇ ಇಲ್ಲ ಅಲ್ವಾ, ಅದಕ್ಕೇ ಒಳಗೆ ಬಿಡುತ್ತದೆ. ಇದನ್ನು ಓದಿ ಗೊತ್ತಿತ್ತು. ಬೆರಳಿಗೆ ತಗುಲಿದಾಗ ಮಜವೇ ಬೇರೆ.

ಪ್ಲಾಸ್ಟಿಕ್ ಕೂರುವುದಕ್ಕೂ ಅಣು ಕೂರುವುದಕ್ಕೂ ವ್ಯತ್ಯಾಸ ಜಾಸ್ತಿ. ನೀರಿಲ್ಲ, ವಿದ್ಯುದಾವೇಶ ಇಲ್ಲ. ಮಾದರಿ ಜಾಗ ಇದೆಯೋ ಇಲ್ಲವೋ ಅಂತ ಹೇಳುತ್ತೆ, ಎಷ್ಟು ಬಿಗಿ ಅಂತ ಹೇಳಲ್ಲ.

ಮುಂದಿನದು ಸಿಸ್ಟೀನ್ ಇರುವ ಲೂಪ್. ಅರ್ಜಿನಿನ್‌ನ ಉದ್ದ ತೋಳು ತೆಗೆದು ಗಿಡ್ಡದೊಂದು ಹಾಕಬೇಕು, ಅಷ್ಟೇ. ಲೂಪ್ ಕಳಚಿ ಹಾಕಲು ಬರುವ ಹಾಗೆ ಅಂಟಿನ ಬದಲು ಸಣ್ಣ ಗೂಟ ಕೊರೆಯುತ್ತಿದ್ದೇನೆ. ಒಂದು ಗೂಟ ಆಗಲೇ ಮುರಿದಿದೆ.