ನಮ್ಮ ಓಣಿಯ ಮತದಾರರ ಪಟ್ಟಿ

ಅಮೆರಿಕದ ಕಪ್ಪು ಗಂಡಸರಿಗೆ ಮತದ ಹಕ್ಕು ಕಾಗದದ ಮೇಲೆ ಬಂದದ್ದು 1870ರಲ್ಲಿ. ದಕ್ಷಿಣದ ರಾಜ್ಯಗಳು ಅದನ್ನು ಕಸಿದುಕೊಂಡ ಬಗೆಯನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ಕಪ್ಪು ಜನ ಮತ ಹಾಕಬಾರದೆಂದು ಕಾನೂನಿನಲ್ಲಿ ಬರೆಯಲಿಲ್ಲ. ತೆರಿಗೆ ಕಟ್ಟಿ ಬಾ ಎಂದರು. ಸಂವಿಧಾನದ ಈ ಭಾಗ ಓದಿ ಅರ್ಥ ಹೇಳು ಎಂದರು. ಯಾವ ಭಾಗ, ಉತ್ತರ ಸರಿಯೋ ತಪ್ಪೋ, ಎಲ್ಲವೂ ಮೇಜಿನಾಚೆ ಕುಳಿತ ಬಿಳಿಯ ಅಧಿಕಾರಿಯ ಮರ್ಜಿ. ಪಾಠ ಹೇಳುವ ಶಿಕ್ಷಕರನ್ನೇ ನಪಾಸು ಮಾಡಿ ಕಳಿಸಿದರು! 1965ರಲ್ಲಿ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆಯ ಬಳಿ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟ ಜನ ಪೊಲೀಸರ ಲಾಠಿ ಏಟು ತಿಂದ ಮೇಲೆ ಮತದಾನದ ಹಕ್ಕಿನ ಕಾಯ್ದೆ ಬಂತು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗವೊಂದನ್ನು ರದ್ದು ಮಾಡಿತು; ಇಂಥ ರಾಜ್ಯಗಳು ಮತದಾನದ ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಿದ್ದುದು ತಪ್ಪಿತು. ಅದೇ ದಿನ ಟೆಕ್ಸಾಸ್ ತನ್ನ ಬಿಗಿ ಗುರುತಿನ ಚೀಟಿ ಕಾನೂನನ್ನು ಜಾರಿಗೆ ತರುವುದಾಗಿ ಸಾರಿತು. ಅದರಡಿ ಮತ ಹಾಕಲು ಕೈಬಂದೂಕಿನ ಪರವಾನಗಿ ನಡೆಯುತ್ತಿತ್ತು, ವಿದ್ಯಾರ್ಥಿಯ ಗುರುತಿನ ಚೀಟಿ ನಡೆಯುತ್ತಿರಲಿಲ್ಲ.

ನಿನ್ನೆ ಬೆಟಗೇರಿಯ ನಮ್ಮ ಓಣಿಯಲ್ಲಿ ಪಟ್ಟಿ ನೋಡುತ್ತಿದ್ದಾಗ ಇದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಮಗ್ಗದ ಮನೆಯ ಅಜ್ಜಿ ಹಾಳೆಯ ಮೇಲೆ ಬೆರಳಾಡಿಸುತ್ತ, "ತಮ್ಮಾ, ನನ್ನ ಹೆಸರು ಇದೆಯೇ ನೋಡಪ್ಪಾ" ಎಂದರು. ಇತ್ತು. ಆದರೆ ದುಡಿಯಲು ಗೋವಾಕ್ಕೆ ಹೋಗಿ ಬರುವ ಅಲೆಮಾರಿ ಕುಟುಂಬದ ಒಬ್ಬರ ಹೆಸರೂ ಇರಲಿಲ್ಲ. ಯಾರೋ ಬೇಕೆಂದೇ ಅಳಿಸಿದರು ಎಂದು ನಾನು ಹೇಳುವುದಿಲ್ಲ. ಮನೆಗೆ ಬೀಗ ಕಂಡರೆ ಹೆಸರು ಹೋಗುವುದು ಸುಲಭ, ಮತ್ತೆ ಸೇರಿಸಲು ಓಡಾಡಬೇಕಾದವರು ದಿನಗೂಲಿ ಕಳೆದುಕೊಳ್ಳುವವರು. ಇದು ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ.

ಭಾನುವಾರ ಸಂಜೆ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ತುಂಬಿಸಲು ಆ ಕುಟುಂಬದ ಮನೆಗೆ ಹೋಗುತ್ತೇನೆ. ಗದಗ-ಬೆಟಗೇರಿಯ ಗೆಳೆಯರು ದಯವಿಟ್ಟು ನಿಮ್ಮ ಓಣಿಯ ಪಟ್ಟಿಯನ್ನೂ ನೋಡಿ, ಬಾಡಿಗೆ ಮನೆಗಳವರನ್ನು ಮೊದಲು ಕೇಳಿ.