ಎಷ್ಟು ಪದರ?

ಕಳೆದ ಶುಕ್ರವಾರ ನಮ್ಮ ಊಟದ ಮೇಜಿನ ಮೇಲೆ ತಟ್ಟೆ ಇಡೋಕೂ ಜಾಗ ಇರಲಿಲ್ಲ. ಢಾಕಾದಲ್ಲಿ ಶುಕ್ರವಾರ ರಜೆ. ಆರನೇ ಕ್ಲಾಸಿನ ನಮ್ಮ ಮಗರಾಯ ಮೇಜಿನುದ್ದಕ್ಕೂ ಚಾರ್ಟ್ ಪೇಪರ್ ಹಾಸಿಕೊಂಡು, ಗೋಂದು ಮೆತ್ತಿದ ಕೈಯಲ್ಲೇ ಚಿತ್ರ ಅಂಟಿಸುತ್ತಾ ಕೂತಿದ್ದ. ಭಾನುವಾರ ಬೆಳಗ್ಗೆ ಶಾಲೆಗೆ ಒಯ್ಯಬೇಕು. ವಿಷಯ: ಬಡ ಊರುಗಳಿಗೆ ಶುದ್ಧ ನೀರು ಕೊಟ್ಟ ಸರಳ ಉಪಾಯಗಳು.

ಸಾಕಷ್ಟು ಹುಡುಕಿದ್ದ. ದಕ್ಷಿಣ ಆಫ್ರಿಕಾದ ಉರುಳುವ ಡ್ರಮ್ಮು. ನಡುವೆ ತೂತು, ತೂತಿಗೆ ಹಗ್ಗ. ತಲೆ ಮೇಲೆ ಹೊರುವ ಬದಲು ಎಳೆದುಕೊಂಡು ಹೋದರಾಯಿತು. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಒಳ್ಳೇ ಬಿಸಿಲಲ್ಲಿ ಆರು ಗಂಟೆ ಮಲಗಿಸಿದರೆ ರೋಗಾಣು ಸಾಯುತ್ತವೆ ಅನ್ನುವ ಉಪಾಯ. ಮಕ್ಕಳು ಕೂತು ಗರಗರ ತಿರುಗಿದರೆ ನೀರು ಮೇಲೆ ಬರುವ ಆಟದ ಪಂಪು. ಈ ಕೊನೆಯದರ ಚಿತ್ರ ಬಲು ಚೆಂದ ಇತ್ತು, ನಗುವ ಮಕ್ಕಳು, ಬಣ್ಣದ ಚಕ್ರ. ಆದರೆ ದುಡ್ಡು ಕೊಟ್ಟವರಿಗೆ ಇಷ್ಟವಾದಷ್ಟು ಊರಿನವರಿಗೆ ಅದು ಇಷ್ಟವಾಗಲಿಲ್ಲ. ಮಕ್ಕಳು ದಿನವಿಡೀ ಆಡುವುದುಂಟೇ? ಎಷ್ಟೋ ಕಡೆ ಕೊನೆಗೆ ಹೆಂಗಸರೇ ಬಗ್ಗಿ ಆ ಚಕ್ರವನ್ನು ಕೈಯಲ್ಲಿ ತಳ್ಳುತ್ತಾ ನಿಂತರು. ಇದನ್ನು ಮಗನಿಗೆ ಹೇಳಿದೆ. "ಅಮ್ಮ, ಚಿತ್ರ ಆಗಲೇ ಅಂಟಿಸಿ ಆಯ್ತು" ಅಂದ.

ನಾಲ್ಕನೇ ಚಿತ್ರ ನಾವಿರುವ ದೇಶದ್ದೇ. ಒಬ್ಬ ಹೆಂಗಸು ಕೊಳದ ದಡದಲ್ಲಿ ಕೂತು, ಕೊಡದ ಬಾಯಿಗೆ ಸೀರೆ ಬಟ್ಟೆ ಹಿಡಿದು ನೀರು ಸೋಸುತ್ತಿದ್ದಾಳೆ. ಅದರ ಕೆಳಗೆ ಮಗ ದಪ್ಪಕ್ಷರದಲ್ಲಿ ಬರೆದಿದ್ದ: ಸೀರೆ ಫಿಲ್ಟರ್, ಕಂಡುಹಿಡಿದವರು ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್, 2003.

ಖಾಲಾ ಪೊರಕೆ ಹಿಡಿದು ಮೇಜಿನ ಕೆಳಗೆ ಬಂದಿದ್ದರು. ಖಾಲಾ ಅಂದರೆ ಚಿಕ್ಕಮ್ಮ. ನಮ್ಮನೆ ಕೆಲಸಕ್ಕೆ ಬರುವವರನ್ನು ನಾನೂ ಮಗನೂ ಕರೆಯುವುದು ಹಾಗೇ. ಬಾಗಿದವರು ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಚಾರ್ಟನ್ನೇ ನೋಡಿದರು. ಅಕ್ಷರ ಇಂಗ್ಲಿಷಿನದು, ಅವರಿಗೆ ಬರದು. ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು:

"ಬಾಬು, ಇದು ಎಷ್ಟು ಪದರ?"

ಮಗನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಒಂದೇ ಪದರ ಕಾಣ್ತಿದೆ. ಒಂದು ಪದರದಲ್ಲಿ ಏನು ನಿಲ್ಲುತ್ತೆ? ಎಲೆ ನಿಲ್ಲುತ್ತೆ, ಇರುವೆ ನಿಲ್ಲುತ್ತೆ. ಇದನ್ನ ಕುಡಿದರೆ ಆಸ್ಪತ್ರೆಗೇ. ನಾಲ್ಕಾದರೂ ಬೇಕು" ಅಂದು ಪೊರಕೆ ಗೋಡೆಗೆ ಒರಗಿಸಿದರು. ಆಮೇಲೆ ಅವತ್ತು ಮನೆ ಗುಡಿಸಿದ್ದು ನಾನೇ.

ಖಾಲಾ ಚಾಂದ್‌ಪುರ ಜಿಲ್ಲೆಯ ಮತ್ಲಬ್ ಕಡೆಯವರು. ಈದ್ ಬಂತೆಂದರೆ ಸದರ್‌ಘಾಟಿನಲ್ಲಿ ಲಾಂಚು ಹತ್ತಿ ಊರಿಗೆ ಹೋಗುತ್ತಾರೆ ಅನ್ನುವುದಷ್ಟೇ ನನಗೆ ಗೊತ್ತಿತ್ತು. ಮತ್ಲಬ್ ಎಂಬ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ ಅನ್ನುವುದು ಗೊತ್ತಿರಲಿಲ್ಲ. ಢಾಕಾದ ಮೊಹಾಖಾಲಿಯಲ್ಲಿ ಒಂದು ದೊಡ್ಡ ಸಂಶೋಧನಾ ಆಸ್ಪತ್ರೆಯಿದೆ, ಐಸಿಡಿಡಿಆರ್,ಬಿ ಅಂತ. ಆ ಹೆಸರು ಹೇಳಿದರೆ ರಿಕ್ಷಾದವನು ಮುಖ ಮುಖ ನೋಡುತ್ತಾನೆ. 'ಕಾಲರಾ ಹಾಸ್ಪಿಟಲ್' ಅಂದರೆ ಸೀದಾ ಕರೆದುಕೊಂಡು ಹೋಗಿ ಬಿಡುತ್ತಾನೆ. 1960ರಲ್ಲಿ ಕಾಲರಾ ಸಂಶೋಧನೆಗೆಂದೇ ಶುರುವಾದದ್ದು. ಮತ್ಲಬ್‌ನಲ್ಲಿ ಅದರ ಶಾಖೆ 1963ರಿಂದ ಇದೆ. ಉಪ್ಪು, ಸಕ್ಕರೆ, ನೀರು ಬೆರೆಸಿ ಬಾಯಲ್ಲೇ ಕುಡಿಸಿ ಕಾಲರಾ ರೋಗಿಯನ್ನು ಉಳಿಸಬಹುದು ಎಂದು 1968ರಲ್ಲಿ ಪರೀಕ್ಷಿಸಿ ತೋರಿಸಿದ್ದು ಇಲ್ಲಿ ಕೆಲಸ ಮಾಡಿದ ವೈದ್ಯರೇ. ನಾವು ಭೇದಿಯಾದಾಗ ಅಂಗಡಿಯಿಂದ ತರುವ ಓಆರ್‌ಎಸ್ ಪೊಟ್ಟಣದ ಬೇರು ಇದೇ ನೆಲದಲ್ಲಿದೆ.

ಖಾಲಾ ಇದ್ಯಾವುದನ್ನೂ ಹೇಳಲಿಲ್ಲ. ಅವರು ಹೇಳಿದ್ದು ಇಷ್ಟು: ಅವರು ಇನ್ನೂ ಮದುವೆಯಾಗದ ಹುಡುಗಿಯಾಗಿದ್ದಾಗ, ಲೆಕ್ಕದ ಪುಸ್ತಕ ಹಿಡಿದ ಆಪಾಗಳು, ಅಂದರೆ ಅಕ್ಕಂದಿರು, ಮನೆಮನೆಗೆ ಬರುತ್ತಿದ್ದರು. ಹಳೇ ಸೀರೆ ತೆಗಿ ಅನ್ನುತ್ತಿದ್ದರು. ಮಡಚು, ಇನ್ನೊಮ್ಮೆ ಮಡಚು, ಕೊಡದ ಕತ್ತಿಗೆ ಬಿಗಿಯಾಗಿ ಕಟ್ಟು ಅನ್ನುತ್ತಿದ್ದರು.

ರಾತ್ರಿ ಕೂತು ಓದಿದೆ. ಆ ಆಪಾಗಳ ಲೆಕ್ಕದ ಪುಸ್ತಕ ಹೋಗಿ ಸೇರಿದ್ದು ಎಲ್ಲಿಗೆ ಅಂತ ಆಗ ಗೊತ್ತಾಯಿತು. ಕೋಲ್ವೆಲ್ ಮತ್ತು ಅವರ ಜೊತೆಗಾರ, ಇದೇ ದೇಶದ ಅನ್ವರ್ ಹಕ್, 1999ರಿಂದ 2002ರವರೆಗೆ ಮತ್ಲಬ್‌ನ 65 ಹಳ್ಳಿಗಳಲ್ಲಿ, ಸುಮಾರು 1,33,000 ಜನರ ನಡುವೆ ಈ ಪ್ರಯೋಗ ನಡೆಸಿದರು. ಕಾಲರಾ ರೋಗಾಣು ಒಂದು ಮಿಲಿಮೀಟರಿನ ಸಾವಿರದ ಒಂದೆರಡು ಪಾಲು ಇರುವಂಥದ್ದು. ಯಾವ ಸೀರೆಯೂ ಅದನ್ನು ತಡೆಯಲಾರದು. ಆದರೆ ಕೊಳದ ನೀರಿನಲ್ಲಿ ಅದು ಒಂಟಿಯಾಗಿ ತೇಲುವುದು ಕಡಿಮೆ. ಕೋಪೆಪಾಡ್ ಅನ್ನುವ, ಬರಿಗಣ್ಣಿಗೆ ಬರೀ ಚುಕ್ಕೆಯಾಗಿ ಕಾಣುವ ನೀರುಹುಳುಗಳ ಮೈಗೆ ಸಾವಿರಾರು ರೋಗಾಣುಗಳು ಅಂಟಿಕೊಂಡಿರುತ್ತವೆ. ಸವಾರಿ ಮಾಡುವವನನ್ನು ಹಿಡಿಯಲಾಗದಿದ್ದರೆ ಕುದುರೆಯನ್ನು ಹಿಡಿ. ಹಳೇ ಹತ್ತಿ ಸೀರೆಯನ್ನು ನಾಲ್ಕು ಪದರ ಮಾಡಿದರೆ ನಡುವಿನ ಕಂಡಿ ಸುಮಾರು 20 ಮೈಕ್ರಾನಿಗೆ, ಅಂದರೆ ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹುಳು ಅಲ್ಲೇ ನಿಲ್ಲುತ್ತದೆ. ಹೀಗೆ ಸೋಸಿ ಕುಡಿದ ಹಳ್ಳಿಗಳಲ್ಲಿ ಕಾಲರಾ ಶೇ. 48ರಷ್ಟು ಇಳಿಯಿತು.

ಅಲ್ಲಿನ ಹೆಂಗಸರು ಮೊದಲಿನಿಂದಲೂ ಸೀರೆಯಲ್ಲೇ ಸೋಸುತ್ತಿದ್ದರಂತೆ, ಪಾನಕ ಗೀನಕ ಮಾಡುವಾಗ, ಒಂದು ಪದರದಲ್ಲಿ. ಹಾಗಾದರೆ ಅಮೆರಿಕದವರು ಕಂಡುಹಿಡಿದದ್ದು ಏನು? ಸೀರೆಯನ್ನಂತೂ ಅಲ್ಲ, ಸೋಸುವುದನ್ನೂ ಅಲ್ಲ. ಖಾಲಾ ಕೇಳಿದ ಪ್ರಶ್ನೆಯ ಉತ್ತರವನ್ನು.

ಮರುದಿನ ಮಗ ಹಟ ಹಿಡಿದ, ಮಾಡಿಯೇ ನೋಡಬೇಕು ಅಂತ. ನನ್ನಲ್ಲಿದ್ದ ಹೊಸ ಹತ್ತಿ ಸೀರೆಯೊಂದನ್ನು ತೆಗೆದೆ. ಖಾಲಾ ಬೆರಳಲ್ಲಿ ಉಜ್ಜಿ ನೋಡಿ ಬೇಡವೆಂದು ತಲೆಯಾಡಿಸಿದರು. "ಹೊಸದು ಬೇಡ ಬೌದಿ. ಒಗೆದು ಒಗೆದು ಸತ್ತಿರಬೇಕು." (ಬೌದಿ ಅಂದರೆ ಅತ್ತಿಗೆ, ಅವರು ನನ್ನನ್ನು ಕರೆಯುವುದು ಹಾಗೆ.) ಹೊಸ ನೂಲು ನುಣ್ಣಗೆ, ಸೆಟೆದು ನಿಂತಿರುತ್ತದೆ, ಎಳೆ ಎಳೆಯ ನಡುವೆ ದಾರಿ ಬಿಡುತ್ತದೆ. ಒಗೆದು ಒಗೆದು ಸವೆದ ನೂಲಿನಲ್ಲಿ ಎಳೆ ಬಿಚ್ಚಿ, ಜುಂಗು ಎದ್ದು, ಆ ದಾರಿ ಮುಚ್ಚುತ್ತದೆ. ಬಡವರ ಮನೆಯಲ್ಲಿ ಧಾರಾಳವಾಗಿ ಸಿಗುವ ಸಾಮಾನೇ ಹೆಚ್ಚು ಚೆನ್ನಾಗಿ ಕೆಲಸ ಮಾಡುವ ಉಪಾಯ ಪ್ರಪಂಚದಲ್ಲಿ ಎಷ್ಟಿದ್ದೀತು?

ಹಳೆಯದು ನಮ್ಮನೆಯಲ್ಲಿ ಎಲ್ಲಿದೆ ಅಂತ ಹುಡುಕುವಾಗ ಅಟ್ಟದ ಪೆಟ್ಟಿಗೆಯಿಂದ ಅಮ್ಮನ ಸೀರೆ ಬಂತು. ಐದು ವರ್ಷದ ಹಿಂದೆ ನಾವು ಇಲ್ಲಿಗೆ ಹೊರಟಾಗ ಪಾತ್ರೆ ನಗ್ಗಬಾರದು ಅಂತ ಅಮ್ಮ ಸುತ್ತಿ ಕಳಿಸಿದ್ದು. ನೀಲಿ ಅಂಚು ಬೆಳ್ಳಗಾಗಿತ್ತು. ಖಾಲಾ ಮುಟ್ಟಿ "ಹ್ಞಾಂ, ಇದು" ಅಂದರು. ನೆಲದ ಮೇಲೆ ಹಾಸಿ ಮೊಣಕಾಲೂರಿ ಮಡಚಿದರು: ಎರಡು, ನಾಲ್ಕು, ಮತ್ತೊಂದು ಸಲ ಮಡಚಿ ಎಂಟು. ಸ್ಟೀಲ್ ಪಾತ್ರೆಯ ಬಾಯಿಗೆ ಹೊದಿಸಿ, ಅಂಚುಗಳನ್ನು ಒಟ್ಟು ಮಾಡಿ ಹಗ್ಗ ಸುತ್ತಿದರು. ಕುಂಡದ ತಟ್ಟೆಯಲ್ಲಿ ನಿಂತಿದ್ದ ಪಾಚಿ ನೀರನ್ನು ಮಗ ಸುರಿದ. ಒಂದು ಕ್ಷಣ ನೀರು ಬಟ್ಟೆಯ ಮೇಲೆ ಗುಳಿಯಾಗಿ ನಿಂತು, ಆಮೇಲೆ ಸದ್ದಿಲ್ಲದೆ ಇಳಿಯಿತು. ಮೇಲೆ ಹಸಿರು ಲೋಳೆಯ ಒಂದು ಬಿಲ್ಲೆ ಉಳಿಯಿತು. ಅದರಲ್ಲಿ ಏನೋ ಒಂದು ತುಂಡು ದಾರದ ಹಾಗೆ ಹೊರಳಾಡುತ್ತಿತ್ತು. ಸೊಳ್ಳೆಯ ಮರಿ. ಮಗ ಮೂರು ಹೆಜ್ಜೆ ಹಿಂದಕ್ಕೆ ಹೋದ. (ಕುಡಿಯಲಿಲ್ಲ, ಗಾಬರಿಯಾಗಬೇಡಿ. ಬಿಡಿಯಾಗಿ ತೇಲುವ ರೋಗಾಣುವನ್ನಾಗಲಿ ವೈರಸ್ಸನ್ನಾಗಲಿ ಬಟ್ಟೆ ನಿಲ್ಲಿಸುವುದಿಲ್ಲ. ಕುದಿಸಲು ಸೌದೆಗೂ ಗತಿಯಿಲ್ಲದವರಿಗೆ ಅದು ಆಸರೆ. ನಾವು ಮಾಮೂಲಿನಂತೆ ಕುದಿಸಿದ್ದನ್ನೇ ಕುಡಿದೆವು.)

ಅಮ್ಮನೂ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಕಾಲೇಜು ಗೆಳತಿಯರು ಮನೆಗೆ ಬರುವ ದಿನ ನಾನು ಅದನ್ನು ಬಿಚ್ಚಿ ಬಚ್ಚಲ ಮೂಲೆಯಲ್ಲಿ ಬಿಸಾಡುತ್ತಿದ್ದೆ. ಅವರು ಹೋದ ಮೇಲೆ ಅಮ್ಮ ಏನೂ ಅನ್ನದೆ ಹುಡುಕಿ ತಂದು, ಜಾಲಾಡಿಸಿ, ಮತ್ತೆ ಕಟ್ಟುತ್ತಿದ್ದಳು. ನನ್ನ ಸಂಬಳ ಬಂದ ವರ್ಷ ಗೋಡೆಗೆ ಫಿಲ್ಟರ್ ಮಶಿನ್ ತೂಗುಹಾಕಿಸಿ, ಆ ಬಟ್ಟೆಯನ್ನು ನಾನೇ ಗೆದ್ದವಳ ಹಾಗೆ ಕಸಕ್ಕೆ ಹಾಕಿದೆ. ಅದೇ ಬಟ್ಟೆ ಮಗನ ಚಾರ್ಟಿನಲ್ಲಿ ಆವಿಷ್ಕಾರವಾಗಿ ಅಂಟಿಕೊಂಡಿತ್ತು, ಕೆಳಗೆ ಇಸವಿಯ ಸಮೇತ.

ಮಗ ಚಾರ್ಟಿನ ಐದನೇ ಚೌಕಕ್ಕೆ ಕೈಪಂಪಿನ ಚಿತ್ರ ತಂದಿದ್ದ. ಅದನ್ನು ಕಂಡು ಖಾಲಾ ಮಾತು ನಿಲ್ಲಿಸಿದರು. ಕೈಪಂಪಿಗೆ ಇಲ್ಲಿ ಕೊಲ್ ಅಂತಾರೆ. "ನಮ್ಮನೇದು ಲಾಲ್ ಕೊಲ್ ಆಗಿತ್ತು" ಅಂದರು. ಕೆಂಪು ಪಂಪು.

ಈ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಕೊಳ, ಹೊಳೆಗಳ ನೀರು ಕುಡಿದು ಮಕ್ಕಳು ಸಾಯುತ್ತಿದ್ದವು. ಅದಕ್ಕೆಂದು 1970ರ ದಶಕದಿಂದ ಸರ್ಕಾರವೂ ಯುನಿಸೆಫೂ ಸೇರಿ ಹಳ್ಳಿಹಳ್ಳಿಗೆ ಕೊಳವೆ ಇಳಿಸಿದವು. ಆಮೇಲೆ ಜನರೇ ಸಾಲಸೋಲ ಮಾಡಿ ಲಕ್ಷಾಂತರ ಹಾಕಿಸಿಕೊಂಡರು. ಕಬ್ಬಿಣದ ಒಂದು ಹಿಡಿಕೆ, ಒಂದು ಪೈಪು. ಇದಕ್ಕಿಂತ ಸರಳವಾದದ್ದು ಬೇಕೇ? ನೀರು ಕನ್ನಡಿಯಂತೆ ಬಂತು. 1993ರಲ್ಲಿ ಆ ಕನ್ನಡಿಯಲ್ಲಿ ಆರ್ಸೆನಿಕ್ ಎಂಬ ವಿಷ ಇರುವುದು ಪತ್ತೆಯಾಯಿತು. ಹಿಮಾಲಯದಿಂದ ಹೊಳೆಗಳು ತಂದು ಪೇರಿಸಿದ ಮಣ್ಣಿನಲ್ಲೇ ಇದ್ದದ್ದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹತ್ತಾರು ವರ್ಷ ಕುಡಿದ ಮೇಲೆ ಎದೆಯ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಚುಕ್ಕೆ, ಅಂಗೈ ಅಂಗಾಲಿನಲ್ಲಿ ಗಂಟು, ಕೆಲವರಿಗೆ ಕ್ಯಾನ್ಸರ್. ಚಾಂದ್‌ಪುರ ಅತಿ ಹೆಚ್ಚು ತೊಂದರೆಯಾದ ಜಿಲ್ಲೆಗಳಲ್ಲಿ ಒಂದು. 2000ದ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 50 ಲಕ್ಷ ಪಂಪುಗಳ ನೀರು ಪರೀಕ್ಷಿಸಿ ಬಣ್ಣ ಬಳಿದರು. ಹಸಿರು ಕುಡಿಯಬಹುದು, ಕೆಂಪು ಕುಡಿಯಬಾರದು. ಸುಮಾರು 14 ಲಕ್ಷ ಕೆಂಪಾದವು.

"ನಮ್ಮ ಓಣಿಯಲ್ಲಿ ಎಲ್ಲಾ ಕೆಂಪೇ" ಅಂದರು ಖಾಲಾ. "ಬಳಿದು ಹೋದರು. ಇದನ್ನ ಕುಡೀಬೇಡಿ ಅಂದರು. ಕೊಳದ ನೀರು ಕುಡೀಬೇಡಿ ಅಂತ ಮೊದಲೇ ಅಂದಿದ್ದರು. ಹಾಗಾದರೆ ಯಾವುದನ್ನ ಕುಡೀಬೇಕು ಅಂತ ಅವರ ಡಬ್ಬಿಯಲ್ಲಿ ಬಣ್ಣ ಇರಲಿಲ್ಲ."

ಉಪಾಯಗಳು ಬಂದವು, ಬರದೆ ಇಲ್ಲ. ಕುಷ್ಟಿಯಾ ಊರಿನವರಾದ ಅಬುಲ್ ಹುಸಾಮ್ ಎಂಬ ರಸಾಯನಶಾಸ್ತ್ರಜ್ಞರು ಅಮೆರಿಕದಲ್ಲಿ ಪಾಠ ಹೇಳುತ್ತಲೇ ತಮ್ಮೂರಿನ ನೀರಿಗಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ಮೊದಲು ಒಂದರ ಮೇಲೊಂದು ಮೂರು ಕೊಲ್ಶಿ, ಅಂದರೆ ಕೊಡ: ಮೇಲಿನದರಲ್ಲಿ ಕಬ್ಬಿಣದ ಚೂರು ಮತ್ತು ಮರಳು, ನಡುವಿನದರಲ್ಲಿ ಇದ್ದಿಲು ಮತ್ತು ಮರಳು, ಕೆಳಗಿನದರಲ್ಲಿ ನೀರು. ತುಕ್ಕು ಆರ್ಸೆನಿಕ್ಕನ್ನು ಹಿಡಿದುಕೊಳ್ಳುತ್ತದೆ. ಆದರೆ ಕಬ್ಬಿಣದ ಚೂರು ಕೆಲವು ತಿಂಗಳಲ್ಲೇ ಗಟ್ಟಿ ಹೆಂಟೆಯಾಗಿ ನೀರು ಇಳಿಯದಾಯಿತು. ಅದನ್ನು ತಿದ್ದಿ ತಿದ್ದಿ ಎರಡು ಬಕೆಟ್ಟಿನ ಸೋನೋ ಫಿಲ್ಟರ್ ಮಾಡಿದರು. 2007ರಲ್ಲಿ ಅದಕ್ಕೆ 10 ಲಕ್ಷ ಡಾಲರಿನ ಬಹುಮಾನ ಬಂತು. ಹೆಚ್ಚಿನ ಪಾಲನ್ನು ಫಿಲ್ಟರ್ ಹಂಚಲಿಕ್ಕೇ ಹಾಕಿದರು. ನಾನೂ ಹೊರದೇಶದಲ್ಲಿ ಕೂತು ಊರಿನ ನೀರಿನ ಬಗ್ಗೆ ಮಾತಾಡುವವಳೇ. ಮಾತಾಡಿದ್ದೇ ಬಂತು.

ಸೀರೆಯ ಹಳ್ಳಿಗಳಿಗೆ ಐದು ವರ್ಷ ಬಿಟ್ಟು ಮತ್ತೆ ಹೋಗಿ ನೋಡಿದಾಗ, ಯಾರೂ ಒತ್ತಾಯ ಮಾಡದೆಯೂ ಶೇ. 31ರಷ್ಟು ಹೆಂಗಸರು ಸೋಸುವುದನ್ನು ಬಿಟ್ಟಿರಲಿಲ್ಲವಂತೆ. ಸೋಸದ ಮನೆಯವರಿಗೂ, ಅಕ್ಕಪಕ್ಕದವರು ಸೋಸುತ್ತಿದ್ದರೆ, ಕಾಲರಾ ಕಡಿಮೆಯಾಗಿತ್ತಂತೆ. ಮಗ ಇದನ್ನು ಸಣ್ಣಕ್ಷರದಲ್ಲಿ ಚಾರ್ಟಿನ ಅಂಚಿಗೆ ಸೇರಿಸಿದ. ಕೋಲ್ವೆಲ್ ಹೆಸರಿನ ಪಕ್ಕ ಜಾಗ ಮಾಡಿ ಅನ್ವರ್ ಹಕ್ ಹೆಸರನ್ನೂ ಬರೆದ. ಚಿತ್ರದ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಇನ್ನೂ ಮೂರು ಗೆರೆ ಎಳೆದು ಖಾಲಾಗೆ ತೋರಿಸಿದ. ಅವರು ಲೆಕ್ಕ ಹಾಕಿ ನೋಡಿಯೇ ಹೂಂ ಅಂದದ್ದು.

ಸಂಜೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಸೀರೆ ತೋರಿಸಿದೆ. ಬಾಲ್ಕನಿಯ ಸರಳಿಗೆ ನೇತುಹಾಕಿತ್ತು, ಪಾಚಿಯ ಒಂದು ದುಂಡು ಕಲೆ ಹೋಗಿರಲಿಲ್ಲ. ನಾನು ಬಟ್ಟೆ ಬಿಚ್ಚಿ ಬಿಸಾಡುತ್ತಿದ್ದುದನ್ನು ನೆನೆಸಿ ನಗುತ್ತಾಳೆ ಅಂದುಕೊಂಡಿದ್ದೆ, ಬೈದರೂ ಬೈಯಲಿ ಅಂತ ಕಾದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅದಿರಲಿ ಕಣೆ, ಆ ಹೆಂಗಸಿನ ಮನೇಲಿ ಈಗ ನೀರು ಎಲ್ಲಿಂದ ತರ್ತಾರಂತೆ?" ಅಂದಳು.

ನಾನು ಕೇಳಿರಲಿಲ್ಲ.

ಭಾನುವಾರ ಕೇಳಿದೆ. ಮಸೀದಿಯ ಹಿಂದೆ ಒಂದು ಆಳದ ಕೊಲ್ ಹಾಕಿಸಿದ್ದಾರಂತೆ, ವಿಷದ ಪದರ ದಾಟಿ ಕೆಳಕ್ಕೆ ಇಳಿಸಿದ್ದು. ಸೊಸೆ ಬೆಳಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ತರುತ್ತಾಳೆ. ಪಾತ್ರೆ ತೊಳೆಯಲು, ಬಟ್ಟೆಗೆ ಮನೆಯ ಹಳೇ ಪಂಪೇ.

"ದಾರಿಯಲ್ಲಿರೋ ಬೇರೆ ಪಂಪುಗಳು?"

"ಇವೆ. ಬಣ್ಣ ಎಲ್ಲಾ ಹೋಗಿದೆ ಬೌದಿ, ಎಲ್ಲಾ ತುಕ್ಕಿನ ಬಣ್ಣವೇ ಈಗ."

"ಮತ್ತೆ ಸೊಸೆಗೆ ಹೇಗೆ ಗೊತ್ತಾಗುತ್ತೆ, ಯಾವುದು ಕೆಂಪು ಅಂತ?"

ಖಾಲಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಮದುವೆಯಾಗಿ ಬಂದ ಮರುದಿನವೇ ಕೈ ಹಿಡಿದು ಸುತ್ತಿಸಿ ತೋರಿಸಿದೀನಿ. ಇದು, ಇದು, ಇದು ಬೇಡ ಅಂತ."