ಹೆಬ್ರಿ ದಾಟಿದ ಮೇಲೆ ಹತ್ತಿದ ಕೆಂಪು ದೀಪ

ಮಳೆಗಾಲದಲ್ಲಿ ಶಿವಮೊಗ್ಗದಿಂದ ಉಡುಪಿಗೆ ಕಾರಿನಲ್ಲಿ ಹೊರಡುವವರಿಗೆ ನಾನು ಹೇಳಬೇಕಾದದ್ದು ಕೃಷ್ಣ ಮಠದ ಬಗ್ಗೆ ಅಲ್ಲ, ಡ್ಯಾಶ್‌ಬೋರ್ಡಿನ ಒಂದು ದೀಪದ ಬಗ್ಗೆ. ಜುಲೈ ಕೊನೆಯ ವಾರ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮಂಜಿನಲ್ಲಿ ಸುರಕ್ಷಿತವಾಗಿ ಇಳಿದು, ಹೆಬ್ರಿ ದಾಟಿ, ಪೆರ್ಡೂರು ಇನ್ನೇನು ಬಂತು ಎನ್ನುವಾಗ ಎಣ್ಣೆ ಗಿಂಡಿಯಂಥ ಆ ಕೆಂಪು ಚಿತ್ರ ಹತ್ತಿಕೊಂಡಿತು. ಹಿಂದಿನ ಸೀಟಿನಲ್ಲಿದ್ದ ಅತ್ತೆ, “ಮೊದಲು ನಿಲ್ಲಿಸಿ” ಎಂದರು. ಅವರ ಮಾತು ಕೇಳಿದ್ದೇ ಒಳ್ಳೆಯದಾಯಿತು.

ಆ ದೀಪ ಎಣ್ಣೆ ಎಷ್ಟಿದೆ ಎಂದು ಹೇಳುವುದಿಲ್ಲ, ಎಣ್ಣೆಯ ಒತ್ತಡ ಬಿದ್ದಿದೆ ಎಂದು ಹೇಳುತ್ತದೆ. ಅದು ನಿಜವಾಗಿದ್ದು, ನೀವು ಓಡಿಸುತ್ತಲೇ ಹೋದರೆ ಕೆಲವೇ ನಿಮಿಷಗಳಲ್ಲಿ ಬೇರಿಂಗ್‌ಗಳು ಹಾಳಾಗುತ್ತವೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಕಾದು ಎಣ್ಣೆ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿದೆ. ಎಣ್ಣೆ ಎರಡು ಗುರುತುಗಳ ನಡುವೆಯೇ ಇತ್ತು. ಎಂಜಿನ್ನಿನಲ್ಲಿ ಕಟಕಟ ಸದ್ದೂ ಕೇಳಿರಲಿಲ್ಲ. ಹಾಗೆಂದು ಧೈರ್ಯ ಮಾಡುವಂತಿಲ್ಲ. ಎಣ್ಣೆ ತುಂಬಿದ್ದರೂ ಅದನ್ನು ಎಂಜಿನ್ನಿನೊಳಗೆ ತಳ್ಳುವ ಪಂಪ್ ಕೈಕೊಟ್ಟಿರಬಹುದು.

ದಾರಿಹೋಕರೊಬ್ಬರು ಹತ್ತಿರದ ಗ್ಯಾರೇಜಿನವನನ್ನು ಕರೆತಂದರು. ಅವನು ಬಾನೆಟ್ ಎತ್ತಲೂ ಇಲ್ಲ. ಕೀ ತಿರುಗಿಸಿ ದೀಪ ನೋಡಿ, ಆಯಿಲ್ ಪಂಪ್ ಹೋಗಿದೆ, ಎಂಜಿನ್ ಬಿಚ್ಚಬೇಕು, ಹದಿನೆಂಟು ಸಾವಿರ ಆಗುತ್ತದೆ, ಐದು ಸಾವಿರ ಈಗಲೇ ಕೊಡಿ ಎಂದ. ಎಂಜಿನ್ ಚಾಲೂ ಆಗದೆ ಬರೀ ಕೀ ತಿರುಗಿಸಿದಾಗ ಆ ದೀಪ ಹತ್ತಲೇಬೇಕು! ಅದನ್ನೇ ರೋಗವೆಂದು ತೋರಿಸಿದವನ ಕೈಗೆ ಎಂಜಿನ್ ಕೊಡುವ ಮನಸ್ಸಾಗಲಿಲ್ಲ. ಗಾಡಿ ಹೊರುವ ಲಾರಿ ತರಿಸಿ, 2,500 ರೂಪಾಯಿ ತೆತ್ತು ಉಡುಪಿಗೆ ಬಂದೆವು.

ಅಲ್ಲಿ ಒಂದು ಗಲ್ಲಿಯಲ್ಲಿ ಅರವತ್ತು ದಾಟಿದ ಆಟೋ ಇಲೆಕ್ಟ್ರಿಷಿಯನ್ ಸಿಕ್ಕರು. “ಎಂಜಿನ್ ಆಮೇಲೆ ನೋಡುವ ಮಾರಾಯ್ರೆ, ಮೊದಲು ವಯರ್ ನೋಡುವ” ಎಂದು ಟಾರ್ಚ್ ಹಿಡಿದು ಬಗ್ಗಿದರು. ಎಂಜಿನ್ನಿಗೆ ತಿರುಪಿ ಕೂರಿಸಿದ ಪ್ರೆಶರ್ ಸ್ವಿಚ್‌ಗೆ ಬರುವುದು ಒಂದೇ ವಯರ್. ಒತ್ತಡವಿಲ್ಲದಾಗ ಸ್ವಿಚ್ ಆ ವಯರನ್ನು ಎಂಜಿನ್ನಿನ ಲೋಹಕ್ಕೆ, ಅಂದರೆ ಅರ್ಥ್‌ಗೆ ಸೇರಿಸುತ್ತದೆ, ದೀಪ ಹತ್ತುತ್ತದೆ. ಒತ್ತಡ ಏರಿದರೆ ಸಂಪರ್ಕ ಬಿಡಿಸುತ್ತದೆ, ಆರುತ್ತದೆ. ಅವರು ಸ್ವಿಚ್‌ನಿಂದ ವಯರ್ ಕಳಚಿ ನನ್ನಿಂದ ಕೀ ತಿರುಗಿಸಿದರು. ದೀಪ ಆರಬೇಕಿತ್ತು, ಆರಲಿಲ್ಲ. ಹಾಗಾದರೆ ಸ್ವಿಚ್ ತಲುಪುವ ಮೊದಲೇ ವಯರ್ ಎಲ್ಲೋ ಕಾರಿನ ಲೋಹಕ್ಕೆ ತಾಗುತ್ತಿದೆ.

ಹುಡುಕುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಆ ಒಂದೂವರೆ ಗಂಟೆಯೇ ಈ ಪ್ರವಾಸದ ಅತ್ಯುತ್ತಮ ಭಾಗ. ಎದುರಿಗೆ ಫಲಕವೂ ಇಲ್ಲದ, ನಾಲ್ಕು ಬೆಂಚುಗಳ ಹೋಟೆಲು. ತುಳುವರ ಮಳೆಗಾಲದ ಆಟಿ ತಿಂಗಳಾದ್ದರಿಂದ ಪತ್ರೊಡೆ ಇತ್ತು. ಕೆಸುವಿನ ಎಲೆಗೆ ಅಕ್ಕಿ, ಮೆಣಸು, ಹುಣಸೆ ರುಬ್ಬಿದ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿದ್ದು. ಹುಣಸೆ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಇವರ ಕೈಯ ಅಳತೆ ತಪ್ಪಿರಲಿಲ್ಲ. ಒಂದು ತಟ್ಟೆಯಲ್ಲಿ ಬಿಲ್ಲೆ ಕೊಯ್ದು ಕಾವಲಿಯಲ್ಲಿ ಗರಿಯಾಗಿಸಿದ್ದು, ಇನ್ನೊಂದರಲ್ಲಿ ಪುಡಿ ಮಾಡಿ ಬೆಲ್ಲ ತೆಂಗಿನತುರಿ ಬೆರೆಸಿದ್ದು. ಮೇಲೆ ಬಾಳೆಹಣ್ಣಿನ ಬನ್ಸ್, ಮೂರು ಲೋಟ ಚಹಾ. ಮೂವರಿಗೂ ಸೇರಿ 210 ರೂಪಾಯಿ. ಅಡುಗೆಯಲ್ಲಿ ಯಾರನ್ನೂ ಹೊಗಳದ ಅತ್ತೆ ಎರಡನೇ ತಟ್ಟೆ ಕೇಳಿದರು.

ಕ್ಲಿಪ್ ಮುರಿದು ಜೋತುಬಿದ್ದ ವಯರ್ ಕಬ್ಬಿಣದ ಪಟ್ಟಿಗೆ ಉಜ್ಜಿ, ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು. ಘಾಟಿಯ ಕುಲುಕಾಟ ಉಳಿದದ್ದನ್ನು ಮುಗಿಸಿತ್ತು. ಹೊಸ ತುಂಡು ಬೆಸೆದು, ಕೊಳವೆ ತೊಡಿಸಿ, ದೂರ ಕಟ್ಟಿದರು. ಈಗ ತುದಿ ಬಿಟ್ಟರೆ ದೀಪ ಆರುತ್ತದೆ, ಕಾರಿನ ಲೋಹಕ್ಕೆ ಮುಟ್ಟಿಸಿದರೆ ಹತ್ತುತ್ತದೆ. ಅಷ್ಟಕ್ಕೂ ಅವರು ಬಿಡಲಿಲ್ಲ. ಪಕ್ಕದ ಮೆಕ್ಯಾನಿಕ್‌ನಿಂದ ಗೇಜ್ ತರಿಸಿ, ಸ್ವಿಚ್ ಇದ್ದ ರಂಧ್ರಕ್ಕೇ ತಿರುಪಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ನಿಜವಾದ ಒತ್ತಡ ಇದೆಯೆಂದು ನನಗೇ ತೋರಿಸಿದರು. ಕೂಲಿ, ಸಾಮಾನು ಸೇರಿ 450. ಒಂದು ಮಾತು: ಹೊಸ ಕಾರುಗಳಲ್ಲಿ ಕೆಲವು ಕಂಪ್ಯೂಟರ್ ಮೂಲಕ ದೀಪ ಹತ್ತಿಸುತ್ತವೆ, ಅಲ್ಲಿ ವಯರ್ ಕಳಚುವ ಈ ಪರೀಕ್ಷೆಯನ್ನು ನೆಚ್ಚಬೇಡಿ.

ಘಾಟಿ ಇಳಿಯುವ ದಿನ ಬೆಳಿಗ್ಗೆ ಕೀ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ನೋಡಿ. ಆಗಲೂ ಆ ದೀಪ ಹತ್ತದಿದ್ದರೆ ಬಲ್ಬ್ ಹೋಗಿರಬಹುದು, ವಯರ್ ತುಂಡಾಗಿರಬಹುದು. ನನಗಾದದ್ದಕ್ಕಿಂತ ಅದೇ ಅಪಾಯ, ಏಕೆಂದರೆ ಎಣ್ಣೆ ಖಾಲಿಯಾದರೂ ಅದು ಬಾಯಿ ಬಿಡುವುದಿಲ್ಲ.

ಕೋಣೆಯ ವಿಷಯ. ರಥಬೀದಿಯ ಸಮೀಪ ಶನಿವಾರಕ್ಕೆ 3,400 ರೂಪಾಯಿ ಕೊಟ್ಟು ಬೂಸಲು ವಾಸನೆಯಲ್ಲಿ ಮಲಗಿದೆವು. ನೂಕುನುಗ್ಗಲು ನನಗೆ ಲೆಕ್ಕಕ್ಕಿಲ್ಲ, ಕನಕನ ಕಿಂಡಿಯ ಮುಂದೆ ಒಂದು ಗಂಟೆ ಬೇಕಾದರೂ ನಿಲ್ಲುತ್ತೇನೆ. ಒದ್ದೆ ದಿಂಬನ್ನು ಮಾತ್ರ ಸಹಿಸಲಾರೆ. ಹಣ ಕೊಡುವ ಮೊದಲು ಹಾಸಿಗೆ ಮುಟ್ಟಿ ನೋಡಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ಊರಿಗೆ ಮರಳಿದ ಮೇಲೆ ಹೆಂಡತಿ ಕಾರಿನ ವಿಮಾ ಪತ್ರ ತೆಗೆದು ಓದಿದಳು. ದಾರಿಯಲ್ಲಿ ಕೆಟ್ಟರೆ ಗಾಡಿ ಹೊರುವ ಸೇವೆ ಅದರಲ್ಲೇ ಉಚಿತವಾಗಿ ಇತ್ತು. ಆ 2,500 ರೂಪಾಯಿಯ ಮಾತನ್ನು ಮನೆಯಲ್ಲಿ ಈಗಲೂ ನಾನಾಗಿ ಎತ್ತುವುದಿಲ್ಲ.